ನೆಲ್ಲಿ ಮತ್ತು ಕವಳಿ: ಮನೆಯಂಗಳಕ್ಕೆ ತಕ್ಕ ಗಿಡದ ಆಯ್ಕೆ, ನಾಟಿ ಹಾಗೂ ಪಾಲನೆ

(ಹಲಸೂರು, ಶಿವಾಜಿನಗರ, ಇಂದಿರಾನಗರ ಹಾಗೂ ಕೃಷ್ಣರಾಜಪುರ ಭಾಗದ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಮನೆಯ ಅಂಗಳದಲ್ಲಿ ಒಂದು ನೆಲ್ಲಿಗಿಡವಿರಬೇಕೆಂಬುದು ನಮ್ಮ ಜನರಲ್ಲಿ ಬಹುಕಾಲದಿಂದ ಬಂದಿರುವ ಆಸೆ. ಕಾರ್ತಿಕ ಮಾಸದ ತುಳಸಿ ಪೂಜೆಗೆ ನೆಲ್ಲಿಯ ಕೊಂಬೆ ಬೇಕು, ಉಪ್ಪಿನಕಾಯಿಗೆ ಕಾಯಿ ಬೇಕು, ಮಕ್ಕಳಿಗೆ ಉಪ್ಪುಕಾರ ಹಚ್ಚಿದ ನೆಲ್ಲಿಕಾಯಿ ಬೇಕು. ಹಲಸಿನ ತೋಟಗಳಿದ್ದ ಕಾರಣ ಹಲಸೂರು ಎಂಬ ಹೆಸರು ಬಂದಿತೆಂದು ಹೇಳಲಾಗುವ ಈ ಭಾಗದಲ್ಲಿ ಒಂದು ಕಾಲಕ್ಕೆ ಮನೆಗಳ ಸುತ್ತ ಸಾಕಷ್ಟು ಬಯಲು ಇದ್ದಿತು. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದ ನಂತರ ನಿರ್ಮಿಸಲಾದ ಬಂಗಲೆಗಳಿಗೂ ವಿಶಾಲವಾದ ಆವರಣಗಳಿದ್ದವು. ಇಂದು ಬಹುತೇಕ ಕುಟುಂಬಗಳು 20x30 ಅಥವಾ 30x40 ಅಡಿ ನಿವೇಶನಗಳಲ್ಲಿ, ಇಲ್ಲವೇ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ವಾಸಿಸುತ್ತಿವೆ. ಸ್ಥಳ ಕಿರಿದಾಗಿರುವುದರಿಂದ ಆಯ್ಕೆಯಲ್ಲಿ ಆಗುವ ತಪ್ಪಿನ ಪರಿಣಾಮ ದೊಡ್ಡದಾಗುತ್ತದೆ.

ಈ ವಿಷಯದಲ್ಲಿ ಸಾರ್ವಜನಿಕರಿಂದ ಮುಖ್ಯವಾಗಿ ಕೇಳಿಬರುವ ದೂರುಗಳು ಮೂರು. ಗಿಡ ನೆಟ್ಟು ಏಳೆಂಟು ವರ್ಷಗಳಾದರೂ ಕಾಯಿ ಬಿಟ್ಟಿಲ್ಲ ಎಂಬುದು ಮೊದಲನೆಯದು. ಹೂವು ತುಂಬ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ ಎಂಬುದು ಎರಡನೆಯದು. ಮರ ಗೋಡೆಗೆ ಒತ್ತಿಕೊಂಡಿದೆ, ಕಡಿಯಲು ಏನು ಮಾಡಬೇಕು ಎಂಬುದು ಮೂರನೆಯದು. ಈ ಮೂರಕ್ಕೂ ಪರಿಹಾರವಿರುವುದು ಗಿಡ ನೆಟ್ಟ ನಂತರವಲ್ಲ, ನೆಡುವ ಮೊದಲು. ಆದ್ದರಿಂದ ಗಿಡ ಕೊಳ್ಳುವ ಮುನ್ನವೇ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ಕ್ರಮವಾಗಿ ನೀಡಲಾಗಿದೆ.

2. ಹೆಸರುಗಳ ಬಗ್ಗೆ ಸ್ಪಷ್ಟನೆ

ನೆಲ್ಲಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಸ್ಯಗಳು ಮಾರಾಟವಾಗುತ್ತವೆ. ಗಿಡ ಕೇಳುವಾಗ ಈ ಕೆಳಕಂಡ ವ್ಯತ್ಯಾಸಗಳನ್ನು ಗಮನದಲ್ಲಿಡಬೇಕು.

(ಅ) ಬೆಟ್ಟದ ನೆಲ್ಲಿ: ಸಂಸ್ಕೃತದಲ್ಲಿ ಆಮಲಕ ಎನ್ನಲಾಗುವ ಮರ ಇದು. ದುಂಡನೆಯ, ನಯವಾದ, ತಿಳಿಹಸಿರು ಕಾಯಿ. ಹುಳಿಯೊಡನೆ ಒಗರು ಇದ್ದು, ತಿಂದ ನಂತರ ನೀರು ಕುಡಿದರೆ ಸಿಹಿ ಎನಿಸುತ್ತದೆ. ಸಿ ಜೀವಸತ್ವ ಹೇರಳವಾಗಿದೆ.

(ಆ) ಅರನೆಲ್ಲಿ: ಕಿರುನೆಲ್ಲಿ, ರಾಜನೆಲ್ಲಿ ಎಂಬ ಹೆಸರುಗಳೂ ಇವೆ. ಹಲಸೂರಿನ ತಮಿಳು ಮನೆಮಾತಿನ ಕುಟುಂಬಗಳೂ ಇದನ್ನು ಅರನೆಲ್ಲಿ ಎಂದೇ ಕರೆಯುತ್ತವೆ. ಪಕ್ಕೆಗಳಂತೆ ಏಣುಗಳಿರುವ, ತಿಳಿಹಳದಿ ಬಣ್ಣದ, ಬಹಳ ಹುಳಿಯಾದ ಸಣ್ಣ ಕಾಯಿಗಳು ಕೊಂಬೆಗಳ ಮೇಲೆ ಗೊಂಚಲುಗಳಾಗಿ ಬಿಡುತ್ತವೆ.

(ಇ) ನೆಲನೆಲ್ಲಿ: ಮಳೆಗಾಲದಲ್ಲಿ ತಾನಾಗಿಯೇ ಹುಟ್ಟುವ ಗೇಣುದ್ದದ ಮೂಲಿಕೆ. ಇದನ್ನೂ ಕೆಲವೆಡೆ ಕಿರುನೆಲ್ಲಿ ಎನ್ನುವುದರಿಂದ ಗೊಂದಲವಾಗುತ್ತದೆ. ಇದು ಹಣ್ಣಿನ ಗಿಡವಲ್ಲ.

(ಈ) ಕೇಪ್ ಗೂಸ್‌ಬೆರಿ: ರಸಭರಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ, ಕಾಗದದಂತಹ ಹೊದಿಕೆಯೊಳಗಿನ ಹಳದಿ ಹಣ್ಣು. ಇದಕ್ಕೂ ನೆಲ್ಲಿಗೂ ಸಂಬಂಧವಿಲ್ಲ. ಇದು ಟೊಮೆಟೊ, ಬದನೆಯ ಕುಟುಂಬಕ್ಕೆ ಸೇರಿದ್ದು.

(ಉ) ಕವಳಿ: ಕರಂಡೆ ಎಂದೂ ಹೆಸರಿದೆ, ತಮಿಳಿನಲ್ಲಿ ಕಳಾಕ್ಕಾಯ್. ಮುಳ್ಳಿನ ಪೊದೆ. ಬ್ರಿಟಿಷರು ಇದನ್ನು ಬಂಗಾಳದ ಕರಂಟ್ ಎಂದು ಕರೆದರು. ಬೇಕರಿಗಳಲ್ಲಿ ಕೇಕಿನ ಮೇಲೆ ಇಡುವ ಕೆಂಪು ಚೆರ್ರಿ ಅನೇಕ ವೇಳೆ ಚೆರ್ರಿಯಾಗಿರುವುದಿಲ್ಲ. ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿ ಕಾಯಿಯಾಗಿರುತ್ತದೆ.

3. ಯುರೋಪಿನ ಗೂಸ್‌ಬೆರಿ ಮತ್ತು ಕರಂಟ್ ಇಲ್ಲಿ ಬೆಳೆಯುವುದೇ?

ಅಂತರಜಾಲದ ಮಾರಾಟ ತಾಣಗಳಲ್ಲಿ ಯುರೋಪಿನ ಗೂಸ್‌ಬೆರಿ, ಕೆಂಪು ಕರಂಟ್, ಕಪ್ಪು ಕರಂಟ್ ಎಂಬ ಹೆಸರಿನಲ್ಲಿ ಬೀಜ ಮತ್ತು ಗಿಡಗಳು ಮಾರಾಟಕ್ಕಿರುತ್ತವೆ. ಇವು ಶೀತ ದೇಶದ ಪೊದೆಗಳು. ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ನೂರಾರು ಗಂಟೆಗಳ ಕಾಲ ವಿಶ್ರಾಂತಿ ಪಡೆಯದಿದ್ದರೆ ಇವುಗಳ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ, ಹೂವು ಕಾಯಿ ಬರುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ಇಲ್ಲಿ ದಾಖಲಾಗಿರುವ ಅತ್ಯಂತ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿಯಲ್ಲಿ. ಅಂದರೆ ಈ ಗಿಡಗಳಿಗೆ ನೂರಾರು ಗಂಟೆಗಳ ಕಾಲ ಬೇಕಾದ ಚಳಿ ನಮ್ಮ ಊರಿನಲ್ಲಿ ಒಂದು ರಾತ್ರಿಯ ಮಟ್ಟಿಗೂ ದಾಖಲಾಗಿಲ್ಲ. ಆದ್ದರಿಂದ ಇವುಗಳಿಗೆ ಹಣ ವ್ಯಯಿಸುವುದು ಸೂಕ್ತವಲ್ಲ.

ದಿನಸಿ ಅಂಗಡಿಗಳಲ್ಲಿ ಕರಂಟ್ ಎಂದು ಸಿಗುವ ಕಪ್ಪು ಒಣಹಣ್ಣು ಸಣ್ಣ ಜಾತಿಯ ಒಣದ್ರಾಕ್ಷಿಯೇ ಹೊರತು ಈ ಪೊದೆಯ ಹಣ್ಣಲ್ಲ ಎಂಬುದನ್ನೂ ಗಮನಿಸಬೇಕು. ಹುಳಿಯಾದ ಸಣ್ಣ ಹಣ್ಣುಗಳ ಪೊದೆಯೇ ಬೇಕೆನ್ನುವವರಿಗೆ ಕವಳಿ ನಮ್ಮ ಹವೆಗೆ ಒಗ್ಗಿದ ಗಿಡ.

4. ಸ್ಥಳಕ್ಕೆ ತಕ್ಕ ಆಯ್ಕೆ

ಗಿಡ ಇಂದು ಎಷ್ಟಿದೆ ಎಂಬುದನ್ನಲ್ಲ, ಹತ್ತು ವರ್ಷಗಳ ನಂತರ ಎಷ್ಟಾಗುತ್ತದೆ ಎಂಬುದನ್ನು ನೋಡಿ ಆಯ್ಕೆ ಮಾಡಬೇಕು.

(1) ಬಾಲ್ಕನಿ ಅಥವಾ ತಾರಸಿ ಮಾತ್ರ ಇದ್ದಲ್ಲಿ: ಕೇಪ್ ಗೂಸ್‌ಬೆರಿ. ಹನ್ನೆರಡರಿಂದ ಹದಿನಾಲ್ಕು ಅಂಗುಲದ ಕುಂಡ ಸಾಕು.

(2) ಮನೆಯ ಸುತ್ತ ಮೂರು ನಾಲ್ಕು ಅಡಿ ಜಾಗ ಮಾತ್ರ ಇದ್ದಲ್ಲಿ: ಬಿಸಿಲು ಬೀಳುವ ಕಡೆ ಒಂದು ಕವಳಿ ಪೊದೆ, ವರ್ಷಕ್ಕೊಮ್ಮೆ ಸವರುವ ನಿಯಮದೊಂದಿಗೆ. ಓಡಾಡುವ ದಾರಿಯ ಪಕ್ಕ ಬೇಡ, ಇದರ ಮುಳ್ಳು ಬಲವಾದುದು. ಬೆಟ್ಟದ ನೆಲ್ಲಿಯನ್ನು ಇಂತಹ ಜಾಗದಲ್ಲಿ ಖಂಡಿತ ನೆಡಬಾರದು.

(3) ಒಂದು ಮೂಲೆಯಲ್ಲಿ ಹತ್ತು ಅಡಿ ಚೌಕದ ಬಯಲು ಇದ್ದಲ್ಲಿ: ಅರನೆಲ್ಲಿ. ಸಾಮಾನ್ಯವಾಗಿ ಚಿಕ್ಕ ಮರವಾಗಿಯೇ ಉಳಿಯುತ್ತದೆ. ಒಂದೇ ಮರವಿದ್ದರೂ ಕಾಯಿ ಬಿಡುತ್ತದೆ.

(4) ಇಪ್ಪತ್ತು ಅಡಿ ಅಥವಾ ಹೆಚ್ಚಿನ ತೆರೆದ ಜಾಗ ಇದ್ದಲ್ಲಿ: ಬೆಟ್ಟದ ನೆಲ್ಲಿಯ ಕಸಿಗಿಡ. ಕಟ್ಟಡ ಮತ್ತು ಕಾಂಪೌಂಡ್ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರವಿರಬೇಕು. ನೀರಿನ ಸಂಪು ಹಾಗೂ ಮಳೆನೀರು ಸಂಗ್ರಹದ ಸೋಸುಗುಂಡಿಯ ಸಮೀಪ ನೆಡಬಾರದು. ನೆಲ್ಲಿಯು ಎಲೆಗಳನ್ನು ಮಾತ್ರವಲ್ಲದೆ ಎಲೆ ಹೊತ್ತ ಸಣ್ಣ ಕಡ್ಡಿಗಳನ್ನೂ ಉದುರಿಸುತ್ತದೆ. ಈ ಪುಟ್ಟ ಎಲೆಗಳು ತಾರಸಿಯ ಕೊಳವೆ ಮತ್ತು ಜಾಲರಿಗಳನ್ನು ಬೇಗನೆ ಮುಚ್ಚುತ್ತವೆ.

ನಾಲ್ಕೂ ಗಿಡಗಳಿಗೆ ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ಅವಶ್ಯಕ. ಎರಡು ಕಟ್ಟಡಗಳ ನಡುವಿನ ನೆರಳಿನ ಓಣಿಯಲ್ಲಿ ಗಿಡ ಬದುಕಬಹುದು, ಕಾಯಿ ನಿರೀಕ್ಷಿಸುವಂತಿಲ್ಲ.

5. ಬೆಟ್ಟದ ನೆಲ್ಲಿ: ಎರಡು ಮುಖ್ಯ ನಿಯಮಗಳು

ಮೊದಲನೆಯ ನಿಯಮ, ಬೀಜದ ಸಸಿಯ ಬದಲು ಕಸಿಗಿಡವನ್ನೇ ಕೊಳ್ಳಬೇಕು. ಬೀಜದಿಂದ ಬೆಳೆದ ನೆಲ್ಲಿ ಫಲ ಕೊಡಲು ಸಾಮಾನ್ಯವಾಗಿ ಆರರಿಂದ ಎಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಕಾಯಿಯ ಗಾತ್ರ ಮತ್ತು ರುಚಿ ತಾಯಿಮರದಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಕಸಿಗಿಡ ಮೂರು ನಾಲ್ಕನೆಯ ವರ್ಷದಲ್ಲಿ ಕಾಯಿ ಬಿಡಲಾರಂಭಿಸುತ್ತದೆ. ಸಸಿಗಿಂತ ಕಸಿಗಿಡದ ಬೆಲೆ ಹೆಚ್ಚು ಎಂಬ ಕಾರಣಕ್ಕೆ ಹಿಂಜರಿಯುವವರು ಒಂದು ಸರಳ ಲೆಕ್ಕ ಮಾಡಬಹುದು: ಬೆಲೆಯ ವ್ಯತ್ಯಾಸ ಒಂದು ಬಾರಿಯದು, ಸಸಿಗೆ ಹಾಕುವ ನೀರು, ಗೊಬ್ಬರ ಮತ್ತು ಅದು ಆಕ್ರಮಿಸಿದ ಜಾಗ ನಾಲ್ಕೈದು ಹೆಚ್ಚುವರಿ ವರ್ಷಗಳದು.

ಎರಡನೆಯ ನಿಯಮ, ಒಂಟಿ ಗಿಡ ನೆಡಬಾರದು. ನೆಲ್ಲಿಯ ಒಂದೇ ಮರದಲ್ಲಿ ಗಂಡು ಹೂವು, ಹೆಣ್ಣು ಹೂವು ಎರಡೂ ಬೇರೆ ಬೇರೆಯಾಗಿ ಬಿಡುತ್ತವೆ. ಗಂಡು ಹೂವುಗಳೇ ಬಹುಪಾಲು. ಆದರೆ ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟದ ಗುಣ ಇದರ ತಳಿಗಳಲ್ಲಿ ಕಂಡುಬರುತ್ತದೆ. ಒಂದೇ ತಳಿಯ ಎರಡು ಕಸಿಗಿಡಗಳನ್ನು ನೆಟ್ಟರೂ ಪ್ರಯೋಜನ ಅಷ್ಟೇ, ಏಕೆಂದರೆ ಅವೆರಡೂ ಒಂದೇ ಮರದ ಭಾಗಗಳಿದ್ದಂತೆ. ಆದ್ದರಿಂದ ಕನಿಷ್ಠ ಎರಡು ಬೇರೆ ಬೇರೆ ತಳಿಗಳು ಹತ್ತಿರದಲ್ಲಿರಬೇಕು.

ಎರಡು ಮರಗಳಿಗೆ ಜಾಗವಿಲ್ಲದವರಿಗೆ ಮೂರು ದಾರಿಗಳಿವೆ:

(ಅ) ಅಕ್ಕಪಕ್ಕದ ಎರಡು ಮನೆಯವರು ಮಾತನಾಡಿಕೊಂಡು ತಲಾ ಒಂದು ತಳಿಯನ್ನು ನೆಡುವುದು. ಪರಾಗವನ್ನು ಗಾಳಿ ಮತ್ತು ಜೇನುನೊಣಗಳು ಒಯ್ಯುವುದರಿಂದ ನಡುವಣ ಕಾಂಪೌಂಡ್ ಗೋಡೆ ಅಡ್ಡಿಯಾಗದು.

(ಆ) ಬೆಳೆದ ಮರದ ಒಂದು ಕೊಂಬೆಗೆ ಮತ್ತೊಂದು ತಳಿಯ ಕಣ್ಣು ಕಸಿ ಮಾಡಿಸುವುದು. ಅನುಭವವುಳ್ಳ ಕಸಿಗಾರರು ಇದನ್ನು ಮಾಡಬಲ್ಲರು. ಹೂವು ಬಿಟ್ಟರೂ ಕಾಯಿ ನಿಲ್ಲದ ಹಳೆಯ ಮರ ಇರುವವರಿಗೂ ಇದೇ ಉಪಾಯ.

(ಇ) ವಸತಿ ಸಮುಚ್ಚಯ, ಶಾಲೆ ಅಥವಾ ದೇವಾಲಯದ ಆವರಣವಾದಲ್ಲಿ ಸಂಘದ ವತಿಯಿಂದ ಎರಡು ಮೂರು ತಳಿಗಳನ್ನು ಒಟ್ಟಿಗೆ ನೆಡುವುದು.

6. ತಳಿಗಳು

ಬನಾರಸಿ: ಹಳೆಯ ತಳಿ. ಕಾಯಿ ದೊಡ್ಡದು, ಬೇಗ ಬಲಿಯುತ್ತದೆ. ಇಳುವರಿ ಕಡಿಮೆ, ಕೊಯ್ದ ನಂತರ ಹೆಚ್ಚು ದಿನ ಇಡಲಾಗದು.

ಚಕೈಯ: ಹಳೆಯ ತಳಿ. ಕಾಯಿ ಹೆಚ್ಚು, ನಾರು ಅಧಿಕ, ತಡವಾಗಿ ಬಲಿಯುತ್ತದೆ. ಉಪ್ಪಿನಕಾಯಿಗೆ ಸೂಕ್ತ.

ಕೃಷ್ಣ (ಎನ್.ಎ.-5): ಬನಾರಸಿಯಿಂದ ಆಯ್ದ ತಳಿ. ಬೇಗ ಬಲಿಯುತ್ತದೆ. ಮುರಬ್ಬಕ್ಕೆ ಉತ್ತಮ.

ಕಾಂಚನ್ (ಎನ್.ಎ.-4): ಚಕೈಯದಿಂದ ಆಯ್ದ ತಳಿ. ಮಧ್ಯಮ ಗಾತ್ರದ ಕಾಯಿ. ಇಳುವರಿ ಚೆನ್ನಾಗಿದೆ.

ಎನ್.ಎ.-7: ಫ್ರಾನ್ಸಿಸ್ ಎಂಬ ತಳಿಯಿಂದ ಆಯ್ದದ್ದು. ಚಿಕ್ಕ ವಯಸ್ಸಿನಲ್ಲೇ ಹೇರಳವಾಗಿ ಕಾಯಿ ಬಿಡುತ್ತದೆ. ಭಾರಕ್ಕೆ ಕೊಂಬೆ ಮುರಿಯುವ ಸಂಭವವಿರುವುದರಿಂದ ಊರೆ ಕೊಡಬೇಕಾಗುತ್ತದೆ.

ಬಿ.ಎಸ್.ಆರ್.-1: ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಭವಾನಿಸಾಗರ ಕೇಂದ್ರದ ತಳಿ.

ಎನ್.ಎ. ಎಂದು ಆರಂಭವಾಗುವ ತಳಿಗಳು ಉತ್ತರ ಪ್ರದೇಶದ ಕುಮಾರ್‌ಗಂಜ್‌ನಲ್ಲಿರುವ ಆಚಾರ್ಯ ನರೇಂದ್ರ ದೇವ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಆಯ್ಕೆಯಾದವು. ಎರಡು ಗಿಡ ನೆಡುವವರು ಎನ್.ಎ.-7ರ ಜೊತೆಗೆ ಕೃಷ್ಣ ಅಥವಾ ಕಾಂಚನ್ ತಳಿಯನ್ನು ಆಯ್ದುಕೊಳ್ಳಬಹುದು.

7. ಗಿಡ ಕೊಳ್ಳುವಾಗ ಪರಿಶೀಲಿಸಬೇಕಾದ ಅಂಶಗಳು

(1) ಕಾಂಡದ ಕೆಳಭಾಗದಲ್ಲಿ ಕಸಿ ಕಟ್ಟಿದ ಗಂಟು ಸ್ಪಷ್ಟವಾಗಿ ಕಾಣಬೇಕು. ಗಂಟು ಇಲ್ಲದಿದ್ದರೆ ಅದು ಬೀಜದ ಸಸಿ.

(2) ಚಿಗುರು ಗಂಟಿನ ಮೇಲಿನಿಂದ ಬಂದಿರಬೇಕು. ಕಸಿ ಭಾಗ ಒಣಗಿ ಹೋಗಿ, ಬೇರುಸಸಿಯ ಚಿಗುರೇ ಬೆಳೆದಿರುವ ಗಿಡಗಳೂ ಮಾರಾಟಕ್ಕೆ ಬರುವುದುಂಟು.

(3) ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಕಾಂಡದೊಳಗೆ ಹೂತುಹೋಗಿರಬಾರದು. ಹೂತಿದ್ದರೆ ಅಲ್ಲಿಯೇ ಗಿಡ ಮುಂದೆ ಮುರಿಯುತ್ತದೆ.

(4) ತಳಿಯ ಹೆಸರು ಬರೆದ ಚೀಟಿ ಮತ್ತು ರಸೀದಿಯನ್ನು ಪಡೆದು ಕಾಯ್ದಿರಿಸಬೇಕು. ಎರಡನೆಯ ಗಿಡ ಕೊಳ್ಳುವಾಗ ಬೇರೆ ತಳಿ ಆಯ್ದುಕೊಳ್ಳಲು ಇದೊಂದೇ ಆಧಾರ.

(5) ಚೀಲದ ತಳದಿಂದ ಬೇರು ಹೊರಬಂದು ಸುರುಳಿ ಸುತ್ತಿಕೊಂಡಿರುವ, ಬಹಳ ಹಳೆಯ ಗಿಡವನ್ನು ಕೊಳ್ಳಬಾರದು.

8. ನಾಟಿ ಮಾಡುವ ವಿಧಾನ

ಮುಂಗಾರಿನ ಆರಂಭ, ಅಂದರೆ ಜೂನ್–ಜುಲೈ, ಅತ್ಯಂತ ಸೂಕ್ತ ಕಾಲ. ತಪ್ಪಿದಲ್ಲಿ ಸೆಪ್ಟೆಂಬರ್‌ನಲ್ಲಿ ನೆಡಬಹುದು.

ನಾಟಿಗೆ ಮೂರು ವಾರ ಮೊದಲು ಎರಡೂವರೆಯಿಂದ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ನಗರದ ನಿವೇಶನಗಳಲ್ಲಿ ಮೇಲ್ಮಣ್ಣಿನ ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟ್ ಗಾರೆ ತುಂಬಿರುವುದು ಸಾಮಾನ್ಯ. ಇದನ್ನು ಪೂರ್ತಿಯಾಗಿ ತೆಗೆದು, ಬೆಂಗಳೂರಿನ ಮೂಲ ಕೆಂಪುಮಣ್ಣು ಸಿಗುವವರೆಗೆ ಅಗೆಯಬೇಕು. ಗುಂಡಿಯಲ್ಲಿ ನೀರು ತುಂಬಿ ಪರೀಕ್ಷಿಸಿ. ಒಂದು ಹಗಲು ಕಳೆದರೂ ನೀರು ಇಂಗದಿದ್ದರೆ ಆ ಸ್ಥಳ ನೆಲ್ಲಿಗೆ ತಕ್ಕುದಲ್ಲ. ನೆಲ್ಲಿಯು ಒಣಹವೆಯನ್ನು ತಾಳುತ್ತದೆ, ಬುಡದಲ್ಲಿ ನೀರು ನಿಲ್ಲುವುದನ್ನು ತಾಳುವುದಿಲ್ಲ.

ಮೇಲ್ಮಣ್ಣಿಗೆ ಸುಮಾರು 15 ಕಿಲೋಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಕಿಲೋಗ್ರಾಂ ಬೇವಿನ ಹಿಂಡಿ ಬೆರೆಸಿ ಗುಂಡಿ ತುಂಬಿಸಬೇಕು. ಚೀಲವನ್ನು ಸೀಳಿ ತೆಗೆದು, ಬೇರಿನ ಮಣ್ಣು ಒಡೆಯದಂತೆ ಗಿಡವನ್ನು ಇಳಿಸಬೇಕು. ಕಸಿಯ ಗಂಟು ನೆಲದಿಂದ ನಾಲ್ಕು ಅಂಗುಲವಾದರೂ ಮೇಲಿರಬೇಕು, ಮಣ್ಣಿನಲ್ಲಿ ಮುಚ್ಚಿಹೋಗಬಾರದು. ಪಕ್ಕದಲ್ಲಿ ಕೋಲು ನೆಟ್ಟು ಸಡಿಲವಾಗಿ ಕಟ್ಟಬೇಕು. ಎರಡು ನೆಲ್ಲಿ ಮರಗಳ ನಡುವೆ 20 ಅಡಿ ಅಂತರವಿರಲಿ.

9. ನೀರು, ಗೊಬ್ಬರ ಮತ್ತು ಸವರುವಿಕೆ

ಮೊದಲ ಎರಡು ಬೇಸಿಗೆ ಗಿಡಕ್ಕೆ ನಿರ್ಣಾಯಕ. ಫೆಬ್ರವರಿಯಿಂದ ಮೇ ವರೆಗೆ ವಾರಕ್ಕೆ ಎರಡು ಬಾರಿ, ತಲಾ ಒಂದು ದೊಡ್ಡ ಬಕೆಟ್ ನೀರು ಕೊಟ್ಟು, ಪಾತಿಗೆ ಒಣ ಎಲೆಗಳ ಹೊದಿಕೆ ಹಾಸಬೇಕು. ಬಟ್ಟೆ ಒಗೆದ ಸಾಬೂನಿನ ನೀರನ್ನು ಎಳೆಯ ಗಿಡಕ್ಕೆ ಹಾಕಬಾರದು. ಮೂರನೆಯ ವರ್ಷದಿಂದ ಗಿಡ ಬಹುಮಟ್ಟಿಗೆ ಮಳೆಯ ಮೇಲೆಯೇ ಬದುಕಬಲ್ಲದು. ಹೂವು ಬಿಡುವ ವಾರಗಳಲ್ಲಿ ಒಮ್ಮೆಲೇ ಹೆಚ್ಚು ನೀರು ಕೊಡಬಾರದು.

ಗೊಬ್ಬರವನ್ನು ವರ್ಷಕ್ಕೆ 10 ಕಿಲೋಗ್ರಾಂ ಕೊಟ್ಟಿಗೆ ಗೊಬ್ಬರದಿಂದ ಆರಂಭಿಸಿ, ಮರ ಬೆಳೆದಂತೆ ಹೆಚ್ಚಿಸುತ್ತ ಹೋಗಬೇಕು. ಮನೆಯ ಅಡುಗೆ ತ್ಯಾಜ್ಯದಿಂದ ತಯಾರಿಸಿದ ಕಾಂಪೋಸ್ಟ್ ಸಹ ಉಪಯುಕ್ತ. ಗೊಬ್ಬರವನ್ನು ಕಾಂಡಕ್ಕೆ ಒತ್ತಿ ಹಾಕದೆ, ಕೊಂಬೆಗಳ ನೆರಳು ಬೀಳುವ ಅಂಚಿನ ಸುತ್ತ ಹಾಕಬೇಕು.

ನೆಲದಿಂದ ಎರಡೂವರೆ ಅಡಿವರೆಗೆ ಕೊಂಬೆ ಬಿಡದೆ, ಅದರ ಮೇಲೆ ನಾಲ್ಕು ದಿಕ್ಕಿಗೆ ಹರಡಿದ ನಾಲ್ಕೈದು ಕೊಂಬೆಗಳನ್ನು ಉಳಿಸಬೇಕು. ನೆಲ್ಲಿಯ ಕೊಂಬೆ ಸುಲಭವಾಗಿ ಮುರಿಯುವಂಥದು. ಕಾಂಡಕ್ಕೆ ಒತ್ತಿಕೊಂಡು ನೇರ ಮೇಲೇರುವ ಕೊಂಬೆಗಿಂತ ಅಗಲ ಕೋನದಲ್ಲಿ ಹೊರಟ ಕೊಂಬೆ ಭಾರ ತಾಳುತ್ತದೆ. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡ ಕೂಡಲೇ ತೆಗೆಯಬೇಕು. ಬಿಟ್ಟರೆ ಅದು ಕಸಿಯನ್ನೇ ನುಂಗಿಬಿಡುತ್ತದೆ. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಕೊಯ್ಲಿನ ನಂತರ ಸವರಬೇಕು.

10. ಹೂವಿನಿಂದ ಕಾಯಿಯವರೆಗೆ

ಚಳಿಗಾಲದ ಕೊನೆಗೆ ಎಲೆಗಳು ಹಳದಿಯಾಗಿ ಉದುರುತ್ತವೆ. ಇದು ರೋಗವಲ್ಲ, ಗಿಡದ ಸ್ವಭಾವ. ಫೆಬ್ರವರಿ–ಮಾರ್ಚ್ ವೇಳೆಗೆ ಹೊಸ ಕಡ್ಡಿಗಳ ಮೇಲೆ ಸಣ್ಣ ಹಸಿರು ಹಳದಿ ಹೂವು ಬರುತ್ತದೆ. ಕಾಯಿ ಕಟ್ಟಿದ ನಂತರ ಅದು ಬೇಸಿಗೆಯುದ್ದಕ್ಕೂ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಸುಪ್ತವಾಗಿದ್ದು, ಮಳೆ ಬಂದ ಮೇಲಷ್ಟೇ ಬೆಳೆಯಲಾರಂಭಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಮರದಲ್ಲಿ ಏನೂ ಕಾಣುತ್ತಿಲ್ಲವೆಂದು ಅನೇಕರು ನಿರಾಶರಾಗಿ ಕೊಂಬೆಗಳನ್ನು ಸವರುತ್ತಾರೆ. ಹಾಗೆ ಮಾಡಿದಲ್ಲಿ ಆ ವರ್ಷದ ಫಸಲನ್ನೇ ಕಡಿದಂತಾಗುತ್ತದೆ. ಜುಲೈ–ಆಗಸ್ಟ್ ವರೆಗೆ ಕಾದು ನೋಡಬೇಕು.

ನವೆಂಬರ್‌ನಿಂದ ಫೆಬ್ರವರಿ ವರೆಗೆ ಕೊಯ್ಲು. ಕಾಯಿಯ ಹಸಿರು ಕಡಿಮೆಯಾಗಿ ಸಿಪ್ಪೆ ತುಸು ಪಾರದರ್ಶಕವಾಗುವುದು, ಒಳಗಿನ ಬೀಜ ಬಿಳಿಯಿಂದ ಕಂದು ಬಣ್ಣಕ್ಕೆ ತಿರುಗುವುದು ಬಲಿತ ಗುರುತು. ಕೋಲಿನಿಂದ ಬಡಿದು ಉದುರಿಸಿದ ಕಾಯಿ ಪೆಟ್ಟು ತಿಂದು ಬೇಗ ಕೊಳೆಯುತ್ತದೆ; ಕೈಯಿಂದಲೇ ಕೊಯ್ಯಬೇಕು.

11. ಸಾಮಾನ್ಯ ತೊಂದರೆಗಳು

ಕಾಯಿಯ ಒಳಗೆ ಕಂದು, ನಂತರ ಕಪ್ಪು: ಬೋರಾನ್ ಪೋಷಕಾಂಶದ ಕೊರತೆಯಿಂದ ಬರುತ್ತದೆ. ಫ್ರಾನ್ಸಿಸ್ ತಳಿಯಲ್ಲಿ ಹೆಚ್ಚು. ಒಂದು ಲೀಟರ್ ನೀರಿಗೆ 6 ಗ್ರಾಂ ಬೋರಾಕ್ಸ್ ಬೆರೆಸಿ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಎರಡು ಮೂರು ಬಾರಿ ಸಿಂಪಡಿಸಲು ಶಿಫಾರಸು ಇದೆ.

ಎಲೆ ಮತ್ತು ಕಾಯಿಯ ಮೇಲೆ ತುಕ್ಕಿನ ಬಣ್ಣದ ಗುಳ್ಳೆ: ತುಕ್ಕು ರೋಗ. ರೋಗ ತಗುಲಿದ, ಉದುರಿದ ಎಲೆಗಳನ್ನು ಗುಡಿಸಿ ತೆಗೆಯಬೇಕು. ಹೆಚ್ಚಾದಲ್ಲಿ ನೀರಿನಲ್ಲಿ ಕರಗುವ ಗಂಧಕದ ಸಿಂಪಡಣೆ ಉಪಯುಕ್ತ.

ಕಾಂಡದ ಮೇಲೆ ಮರದ ಪುಡಿ ಮತ್ತು ಹಿಕ್ಕೆಯ ಜಾಲ: ತೊಗಟೆ ತಿನ್ನುವ ಹುಳು. ಜಾಲವನ್ನು ಕೆರೆದು ತೆಗೆದು, ರಂಧ್ರದೊಳಗೆ ತಂತಿ ಚುಚ್ಚಿ ಹುಳುವನ್ನು ಕೊಂದು, ರಂಧ್ರವನ್ನು ಹಸಿಮಣ್ಣಿನಿಂದ ಮುಚ್ಚಬೇಕು.

ಕೊಂಬೆಯ ತುದಿಯಲ್ಲಿ ಉಬ್ಬಿದ ಗಂಟು: ಚಿಗುರು ಗಂಟಿನ ಹುಳು. ಗಂಟಿನ ಕೆಳಗೆ ಕತ್ತರಿಸಿ ನಾಶಪಡಿಸಬೇಕು.

ಒತ್ತೊತ್ತಾಗಿ ಮನೆಗಳಿರುವ ಓಣಿಗಳಲ್ಲಿ ವಿಷಕಾರಿ ಕೀಟನಾಶಕಗಳನ್ನು ಸಿಂಪಡಿಸುವುದು ಪಕ್ಕದ ಮನೆಯ ಮಕ್ಕಳಿಗೂ ಜೇನುನೊಣಗಳಿಗೂ ಅಪಾಯಕಾರಿ. ತಜ್ಞರ ಸಲಹೆಯಿಲ್ಲದೆ ಬಳಸಬಾರದು.

12. ಅರನೆಲ್ಲಿ

ಬೀಜದಿಂದಲೂ ಕಡ್ಡಿಯಿಂದಲೂ ಬೆಳೆಸಬಹುದು. ಆರೈಕೆ ಬಹಳ ಬೇಕಿಲ್ಲ. ದಕ್ಷಿಣ ಭಾರತದಲ್ಲಿ ಏಪ್ರಿಲ್–ಮೇ ಹಾಗೂ ಆಗಸ್ಟ್–ಸೆಪ್ಟೆಂಬರ್, ಹೀಗೆ ವರ್ಷಕ್ಕೆ ಎರಡು ಬೆಳೆ ಬರುವುದುಂಟು. ಕೊಂಬೆಗಳು ಬಲವಿಲ್ಲದವು, ಮಕ್ಕಳು ಮರ ಹತ್ತದಂತೆ ನೋಡಿಕೊಳ್ಳಬೇಕು. ಇದರ ಬೇರು ವಿಷಕಾರಿ, ಮನೆಮದ್ದಿಗೆ ಬಳಸಬಾರದು. ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

13. ಕವಳಿ

ಕವಳಿ ಕಡಿಮೆ ನೀರಿನ, ಕಲ್ಲು ಮಿಶ್ರಿತ ಮಣ್ಣಿನ ಗಿಡ. ಬಿಳಿಯ ಪರಿಮಳದ ಹೂವು ಬೇಸಿಗೆಯಲ್ಲಿ ಅರಳಿ, ಮಳೆಗಾಲದಲ್ಲಿ ಕಾಯಿ ಕೊಯ್ಲಿಗೆ ಬರುತ್ತದೆ. ಬೀಜಕ್ಕೆ ಬಾಳಿಕೆ ಕಡಿಮೆ. ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಸಸಿ ಮೂರನೆಯ ವರ್ಷದಿಂದ ಕಾಯಿ ಬಿಡುತ್ತದೆ. ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ ಇವು ಪಂತನಗರದ ಕೃಷಿ ವಿಶ್ವವಿದ್ಯಾನಿಲಯದ ತಳಿಗಳು.

ಬೇಲಿಗಾಗಿ ಬೆಳೆಸುವವರು ಮೂರರಿಂದ ನಾಲ್ಕು ಅಡಿ ಅಂತರದಲ್ಲಿ ನೆಟ್ಟು, ಎರಡು ವರ್ಷ ಎತ್ತರ ಸವರಿದರೆ ದಟ್ಟವಾದ ಮುಳ್ಳುಬೇಲಿ ಸಿದ್ಧವಾಗುತ್ತದೆ. ಕೃಷ್ಣರಾಜಪುರ ಮತ್ತು ಅದರಾಚೆಯ ತೋಟದ ಜಮೀನುಗಳಿಗೆ ಇದು ತಂತಿ ಬೇಲಿಗಿಂತ ಅಗ್ಗ. ಜೊತೆಗೆ ಫಲವೂ ಉಂಟು. ಕಾಯಿ ಕೊಯ್ಯುವಾಗ ಬರುವ ಬಿಳಿ ಹಾಲು ಕೈಗೆ ಅಂಟುತ್ತದೆ. ಮೊದಲೇ ಅಂಗೈಗೆ ಎಣ್ಣೆ ಸವರಿಕೊಳ್ಳಬೇಕು. ಎಳೆಯ ಕಾಯಿ ಉಪ್ಪಿನಕಾಯಿ, ಚಟ್ನಿಗೆ ಹಾಗೂ ಕಪ್ಪಾಗಿ ಮಾಗಿದ ಹಣ್ಣು ಹಾಗೆಯೇ ತಿನ್ನಲು ಯೋಗ್ಯ.

14. ಕುಂಡದಲ್ಲಿ ಕೇಪ್ ಗೂಸ್‌ಬೆರಿ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಈ ಗಿಡವನ್ನು ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿ ಬೆಳೆದುದರಿಂದ ಈ ಹೆಸರು ಬಂದಿತು. ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಬೀಜ ಬಿತ್ತಿ, ಸಸಿಗೆ ನಾಲ್ಕೈದು ಎಲೆ ಬಂದಾಗ ಕುಂಡಕ್ಕೆ ನಾಟಿ ಮಾಡಬೇಕು. ನಾಲ್ಕೈದು ತಿಂಗಳಲ್ಲಿ ಹಣ್ಣು ಬರುತ್ತದೆ. ಹೊದಿಕೆ ಒಣಗಿ, ಹಣ್ಣು ತಾನಾಗಿ ಉದುರಿದಾಗ ಆರಿಸಿಕೊಳ್ಳಬೇಕು. ಹಸಿರು ಕಾಯಿ, ಎಲೆ ಮತ್ತು ಕಾಂಡ ವಿಷಕಾರಿ. ಸಣ್ಣ ಮಕ್ಕಳಿರುವ ಮನೆಗಳಲ್ಲಿ ಈ ಬಗ್ಗೆ ಎಚ್ಚರಿಕೆ ಅಗತ್ಯ.

15. ಉತ್ಥಾನ ದ್ವಾದಶಿ ಮತ್ತು ನೆಲ್ಲಿಯ ಕೊಂಬೆ

ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಯಲ್ಲಿ ಕಾಯಿ ಸಹಿತವಾದ ನೆಲ್ಲಿಯ ಕೊಂಬೆಯನ್ನಿಟ್ಟು ಪೂಜಿಸುವ ಸಂಪ್ರದಾಯವಿದೆ. ಆ ದಿನಗಳಲ್ಲಿ ರಸ್ತೆ ಬದಿಯ ಹಾಗೂ ಉದ್ಯಾನಗಳ ನೆಲ್ಲಿ ಮರಗಳ ಕೊಂಬೆಗಳನ್ನು ಎಳೆದು ಮುರಿಯುವುದರಿಂದ ತೊಗಟೆ ಸೀಳಿ, ಗಾಯದ ಮೂಲಕ ಹುಳು ಮತ್ತು ಶಿಲೀಂಧ್ರ ಸೇರುತ್ತವೆ. ಸ್ವಂತ ಮರವಿದ್ದವರು ಹೇಗೂ ಸವರಬೇಕಾದ ಒಂದು ಕಿರುಕೊಂಬೆಯನ್ನು ಮೊದಲೇ ಗುರುತಿಸಿ, ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಪೂಜೆಗೆ ಒಂದು ಗೇಣು ಕೊಂಬೆ ಸಾಕು.

16. ಮರ ಕಡಿಯುವ ಅನುಮತಿ

ನಮ್ಮ ನಿವೇಶನದಲ್ಲಿ ನಾವೇ ನೆಟ್ಟ ಮರವನ್ನು ನಮಗೆ ಬೇಕಾದಾಗ ಕಡಿಯಬಹುದೆಂದು ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ಖಾಸಗಿ ಸ್ಥಳದ ಮರವನ್ನು ಕಡಿಯಲು ಸಹ ವೃಕ್ಷಾಧಿಕಾರಿಯವರ ಪೂರ್ವಾನುಮತಿ ಅವಶ್ಯಕ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದ್ದು, ತಮ್ಮ ಮರ ಅದರಲ್ಲಿ ಸೇರಿದೆಯೇ ಎಂಬುದನ್ನು ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಅನುಮತಿ ನೀಡುವಾಗ ಬದಲಿ ಗಿಡ ನೆಡುವ ಷರತ್ತು ವಿಧಿಸಬಹುದಾಗಿದೆ.

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ತಮ್ಮ ವಿಳಾಸ ಯಾವ ಪಾಲಿಕೆಗೆ ಸೇರುತ್ತದೆ ಎಂಬುದನ್ನು ಮೊದಲು ತಿಳಿದು ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಸ್ಥಳದ ವಿಳಾಸ, ಮರದ ಜಾತಿ ಮತ್ತು ಸಂಖ್ಯೆ, ಕಡಿಯಬೇಕಾದ ಕಾರಣ ಇವುಗಳನ್ನು ಸ್ಪಷ್ಟವಾಗಿ ನಮೂದಿಸಿ, ಸ್ವತ್ತಿನ ದಾಖಲೆ ಹಾಗೂ ಮರದ ಛಾಯಾಚಿತ್ರಗಳನ್ನು ಸಿದ್ಧವಾಗಿಟ್ಟುಕೊಂಡಲ್ಲಿ ವಿಳಂಬ ತಪ್ಪುತ್ತದೆ. ಪಾದಚಾರಿ ಮಾರ್ಗದಲ್ಲಿ ಗಿಡ ನೆಡಲು ಸಹ ಪಾಲಿಕೆಯ ಒಪ್ಪಿಗೆ ಪಡೆಯಬೇಕು.

ಈ ಕಾರಣದಿಂದಲೇ ನಾಲ್ಕನೆಯ ಕಂಡಿಕೆಯಲ್ಲಿ ಸೂಚಿಸಿದ ಅಂತರಗಳನ್ನು ಪಾಲಿಸುವುದು ನಾಗರಿಕರ ಹಿತದೃಷ್ಟಿಯಿಂದ ಅಗತ್ಯ. ಗೋಡೆಯ ಪಕ್ಕ ನೆಟ್ಟ ಗಿಡ ಕಾಯಿ ಬಿಡುವ ವಯಸ್ಸಿಗೆ ಬಂದಾಗಲೇ ಅದನ್ನು ತೆಗೆಯುವ ಅರ್ಜಿಯನ್ನೂ ಬರೆಯಬೇಕಾದ ಪರಿಸ್ಥಿತಿ ಯಾರಿಗೂ ಬರಬಾರದು.

17. ಗಿಡಗಳು ಮತ್ತು ಸಲಹೆ ದೊರೆಯುವ ಸ್ಥಳಗಳು

ಮನೆಯಂಗಳದಲ್ಲಿ ನೆಡುವ ಒಂದೆರಡು ಗಿಡಗಳಿಗೆ ಯಾವುದೇ ಅರ್ಜಿಯ ಅವಶ್ಯಕತೆಯಿಲ್ಲ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು, ಲಾಲ್‌ಬಾಗ್ ಆವರಣದಲ್ಲಿರುವ ನರ್ಸರಿಮೆನ್ ಸಹಕಾರ ಸಂಘ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಾಗೂ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಬಹುದು. ಬೇಕಾದ ತಳಿ ಎಲ್ಲ ಕಾಲದಲ್ಲಿಯೂ ಲಭ್ಯವಿರುವುದಿಲ್ಲ. ಮೇ ತಿಂಗಳಲ್ಲಿಯೇ ವಿಚಾರಿಸಿ ಹೆಸರು ಹೇಳಿರುವುದು ಉತ್ತಮ.

ಪಹಣಿ ಇರುವ ಜಮೀನಿನಲ್ಲಿ ತೋಟ ಮಾಡಲು ಇಚ್ಛಿಸುವ ರೈತರು ಸಹಾಯಧನ ಯೋಜನೆಗಳ ಬಗ್ಗೆ ಹೋಬಳಿಯ ಸಹಾಯಕ ತೋಟಗಾರಿಕೆ ಅಧಿಕಾರಿಯವರನ್ನು ಅಥವಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರನ್ನು ಸಂಪರ್ಕಿಸಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಹಾಗೂ ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆಯನ್ನು ಜೊತೆಗೆ ಒಯ್ಯಬೇಕು. ಗಿಡ ನೆಟ್ಟ ನಂತರ ಅರ್ಜಿ ಸಲ್ಲಿಸುವ ಬದಲು ಮೊದಲೇ ವಿಚಾರಿಸುವುದು ಒಳಿತು.

18. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ನೆಲ್ಲಿ ಮರಕ್ಕೆ ಹತ್ತು ವರ್ಷ. ಹೂವು ಬಿಡುತ್ತದೆ, ಕಾಯಿ ಇಲ್ಲ. ಕಡಿಯಬೇಕೆ?
ಉತ್ತರ: ಕಡಿಯಬೇಕಿಲ್ಲ. ಹತ್ತಿರದಲ್ಲಿ ಬೇರೆ ತಳಿಯ ಮರ ಇಲ್ಲದಿರುವುದೇ ಕಾರಣವಿರಬಹುದು. ಒಂದು ಕೊಂಬೆಗೆ ಬೇರೆ ತಳಿಯ ಕಸಿ ಮಾಡಿಸಿ, ಅಥವಾ ಪಕ್ಕದ ಮನೆಯಲ್ಲಿ ಬೇರೆ ತಳಿಯ ಗಿಡ ನೆಡಿಸಿ.

ಪ್ರಶ್ನೆ: ಬೆಟ್ಟದ ನೆಲ್ಲಿಯನ್ನು ತಾರಸಿಯ ಡ್ರಮ್ಮಿನಲ್ಲಿ ಬೆಳೆಸಬಹುದೆ?
ಉತ್ತರ: ಕೆಲವು ವರ್ಷ ಬದುಕುತ್ತದೆ. ಆದರೆ ಇದು ಆಳಕ್ಕೆ ಬೇರು ಬಿಡುವ ಮರ. ತೃಪ್ತಿಕರ ಫಸಲು ನಿರೀಕ್ಷಿಸುವಂತಿಲ್ಲ. ತಾರಸಿಗೆ ಕೇಪ್ ಗೂಸ್‌ಬೆರಿ ಸೂಕ್ತ.

ಪ್ರಶ್ನೆ: ಮಾರುಕಟ್ಟೆಯಿಂದ ತಂದ ನೆಲ್ಲಿಕಾಯಿಯ ಬೀಜ ಬಿತ್ತಬಹುದೆ?
ಉತ್ತರ: ಬಿತ್ತಬಹುದು. ಆದರೆ ಅದನ್ನು ಬೇರುಸಸಿಯೆಂದು ಭಾವಿಸಿ, ಒಂದು ವರ್ಷದ ನಂತರ ಅದರ ಮೇಲೆ ಒಳ್ಳೆಯ ತಳಿಯ ಕಸಿ ಮಾಡಿಸಬೇಕು.

ಪ್ರಶ್ನೆ: ಬಾಡಿಗೆ ಮನೆಯಲ್ಲಿ ಇದ್ದೇವೆ. ಯಾವ ಗಿಡ ನೆಡಬೇಕು?
ಉತ್ತರ: ಕೇಪ್ ಗೂಸ್‌ಬೆರಿಯನ್ನು ಕುಂಡದಲ್ಲಿ ಬೆಳೆಸಿ. ನೆಲದಲ್ಲಿ ಮರ ನೆಡುವುದಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ.

ಹೆಚ್ಚಿನ ಮಾಹಿತಿಗಾಗಿ ನಾಗರಿಕರು ತಮ್ಮ ವ್ಯಾಪ್ತಿಯ ತೋಟಗಾರಿಕೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಬರುವಾಗ ಗಿಡ ನೆಡುವ ಸ್ಥಳದ ಅಳತೆ ಹಾಗೂ ಅಲ್ಲಿ ಬಿಸಿಲು ಬೀಳುವ ವೇಳೆಯನ್ನು ಬರೆದು ತಂದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ.